ಹನ್ನೊಂದನೇ ಅಧ್ಯಾಯದ ತೂತು

ನನ್ನ ಹತ್ತಿರ ಒಂದು ಬೂದು ಬಣ್ಣದ ಸ್ವೆಟರ್ ಇದೆ. ನಾನೇ ಹೆಣೆದದ್ದು. ಅದರ ಎಡತೋಳು ಬಲತೋಳಿಗಿಂತ ಬಿಗಿ. ಲೆಕ್ಕ ತಪ್ಪಿದ್ದಲ್ಲ. ಎರಡೂ ತೋಳಿಗೆ ಅಷ್ಟೇ ಕುಣಿಕೆ, ಅಷ್ಟೇ ಸಾಲು, ಅದೇ ಕಡ್ಡಿ, ಅದೇ ಉಲನ್. ಬಲತೋಳು ಹೆಣೆಯುವಾಗ ನಾನೊಂದು ಪ್ರವಾಸ ಕಥನದ ಆಡಿಯೋ ಪುಸ್ತಕ ಕೇಳುತ್ತಿದ್ದೆ. ಎಡತೋಳಿಗೆ ಬರುವ ಹೊತ್ತಿಗೆ ಅದು ಮುಗಿದು, ಒಂದು ಕೊಲೆಯ ಕಥೆ ಶುರುವಾಗಿತ್ತು. ಅಷ್ಟೇ.

ಹೆಣೆಯುವವರಿಗೆ ಇದು ಹೊಸದೇನಲ್ಲ. ಮನಸ್ಸು ಬಿಗಿದುಕೊಂಡರೆ ಬೆರಳು ಬಿಗಿಯುತ್ತದೆ, ಬೆರಳು ಬಿಗಿದರೆ ನೂಲು. ಹತ್ತು ಸೆಂಟಿಮೀಟರಿಗೆ 20 ಕುಣಿಕೆ ಬರಬೇಕಾದ ಕಡೆ 22 ಬಂದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 200 ಕುಣಿಕೆಯ ಸ್ವೆಟರಿನ ಸುತ್ತಳತೆ 100 ಸೆಂಟಿಮೀಟರ್ ಆಗುವ ಬದಲು 91ಕ್ಕೆ ಇಳಿಯುತ್ತದೆ. ಹಾಕಿಕೊಂಡವರು ಊಟಕ್ಕೆ ಮೊದಲು ಮಾತ್ರ ಹಾಕಿಕೊಳ್ಳಬಹುದು. ನನ್ನದು ಬರೀ ತೋಳಿಗೆ ಹೋಯಿತು, ಪುಣ್ಯ. ಪತ್ತೇದಾರ ಬೇಗ ಕೊಲೆಗಾರನನ್ನು ಹಿಡಿದ.

ಓದೂ ಬೇಕು, ಹೆಣಿಗೆಯೂ ಬೇಕು ಅನ್ನುವವರ ತಾಪತ್ರಯ ಬೇರೆಯವರಿಗೆ ಹೇಳಿದರೆ ನಗುತ್ತಾರೆ. ಇದೂ ಒಂದು ಕಷ್ಟವಾ ಅಂತ. ಆದರೆ ಹಾಡಿಕೊಂಡು ಅಡುಗೆ ಮಾಡಬಹುದು, ಮಾತಾಡಿಕೊಂಡು ನಡೆಯಬಹುದು. ಓದಿಗೂ ಹೆಣಿಗೆಗೂ ಮಾತ್ರ ಬೇಕಾದದ್ದೆಲ್ಲ ಒಂದೇ. ಎರಡಕ್ಕೂ ಕೈ ಬೇಕು, ಎರಡಕ್ಕೂ ಕಣ್ಣು ಬೇಕು, ಎರಡಕ್ಕೂ ಒಳ್ಳೆ ಬೆಳಕು ಮತ್ತು ಯಾರೂ ಕರೆಯದ ಒಂದು ಗಂಟೆ ಬೇಕು. ದಿನಕ್ಕೆ ಅಂಥ ಗಂಟೆ ಸಿಗುವುದೇ ಒಂದು.

ನನಗೆ ಮೊದಲು ಹಿಡಿದದ್ದು ಓದಿನ ಹುಚ್ಚು. ಹೆಣಿಗೆ ಬಂದದ್ದು ಅದರ ಬೆನ್ನಿಗೆ, ಒಂದು ಉಪಾಯವಾಗಿ. ಚಿಕ್ಕವಳಿದ್ದಾಗ ಪುಸ್ತಕ ಹಿಡಿದು ಕೂತರೆ ಮನೆಯಲ್ಲಿ ಯಾರ ಕಣ್ಣಿಗೂ ಅದು ಕೆಲಸ ಅನ್ನಿಸುತ್ತಿರಲಿಲ್ಲ. "ಸುಮ್ನೆ ಕೂತಿದ್ದೀಯಲ್ಲ, ಬಟ್ಟೆ ಮಡಚಿಡು" ಅನ್ನುತ್ತಿದ್ದರು. ಸುಮ್ನೆ ಕೂತಿಲ್ಲ, ಓದುತ್ತಿದ್ದೇನೆ ಅಂದರೆ, ಅದೇ ಹೇಳಿದ್ದು ಅನ್ನುತ್ತಿದ್ದರು. ಅಮ್ಮ ಕಡ್ಡಿ ಹಿಡಿದು ಕೂತಾಗ ಮಾತ್ರ ಯಾರೂ ಏನೂ ಹೇಳುತ್ತಿರಲಿಲ್ಲ. ಅವಳೂ ಕೂತೇ ಇರುತ್ತಿದ್ದಳು, ನನ್ನಷ್ಟೇ ಹೊತ್ತು. ಆದರೆ ಅವಳ ಕೈ ಓಡುತ್ತಿತ್ತು. ಕೈ ಓಡುತ್ತಿದ್ದರೆ ಅದು ಕೆಲಸ. ಕಣ್ಣು ಎಷ್ಟು ಓಡಿದರೂ ಲೆಕ್ಕಕ್ಕಿಲ್ಲ.

ಹಾಗಾಗಿ ಹೆಣಿಗೆ ಕಲಿತೆ. ಹೆಣಿಗೆಯ ಎರಡು ಮೂಲ ಕುಣಿಕೆಗಳಿಗೆ ಅಮ್ಮ ನಿಟ್, ಪರ್ಲ್ ಅನ್ನುತ್ತಿರಲಿಲ್ಲ. ಸೀದಾ, ಉಲ್ಟಾ ಅನ್ನುತ್ತಿದ್ದಳು. ಒಂದು ವಾರ ಸೀದಾ ಮಾತ್ರ ಹೆಣೆಸಿದಳು. ನಾನು ಒಂದು ಉದ್ದನೆಯ ಪಟ್ಟಿ ಹೆಣೆದೆ. ಶುರುವಿಗೆ ಮೂವತ್ತು ಕುಣಿಕೆ ಇದ್ದದ್ದು ಕೊನೆಗೆ ನಲವತ್ತೊಂದು ಆಗಿತ್ತು. ಎಲ್ಲಿಂದ ಬಂದವು ಅಂತ ಇವತ್ತಿಗೂ ಗೊತ್ತಿಲ್ಲ. ಆ ಪಟ್ಟಿಯನ್ನು ತೊಡೆಯ ಮೇಲೆ ಹರಡಿಕೊಂಡು, ಅದರ ಕೆಳಗೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದೆ. ಯಾರಾದರೂ ಬಂದರೆ ಕಡ್ಡಿ ಆಡಿಸುತ್ತಿದ್ದೆ. ಅಮ್ಮನಿಗೆ ಗೊತ್ತಿತ್ತು ಅನ್ನಿಸುತ್ತದೆ. ದಿನಕ್ಕೆ ಎರಡೇ ಸಾಲು ಬೆಳೆಯುವ ಹೆಣಿಗೆಯನ್ನು ನೋಡಿ ಯಾರಿಗೆ ಗೊತ್ತಾಗುವುದಿಲ್ಲ?

ಕಳ್ಳತನಕ್ಕೆ ಶುರುವಾದದ್ದು ಆಮೇಲೆ ನಿಜವಾಗಿಯೂ ಹಿಡಿಸಿತು. ಅದು ಬೇರೆ ಕಥೆ. ಆದರೆ ಎರಡರ ನಡುವಿನ ಈ ಹಳೇ ಲೆಕ್ಕ, ಅಂದರೆ ಹೆಣಿಗೆ ದುಡಿಮೆ, ಓದು ಸೋಮಾರಿತನ ಅನ್ನುವುದು ತಲೆಯಿಂದ ಹೋಗಲಿಲ್ಲ. ಅದು ಎಲ್ಲಿ ಕಾಟ ಕೊಟ್ಟಿತು ಅಂತ ಮುಂದೆ ಹೇಳುತ್ತೇನೆ.

ಬಹಳ ದಿನ ನನಗೆ ಒಂದು ನಂಬಿಕೆ ಇತ್ತು. ಓದು, ಹೆಣಿಗೆ ಎರಡೂ ಒಂದೇ ತಾಯಿಯ ಮಕ್ಕಳು, ಹೇಗೋ ಹೊಂದಿಕೊಂಡು ಹೋಗುತ್ತವೆ ಅಂತ. ಭಾಷೆಯೂ ಹಾಗೇ ಹೇಳುತ್ತದಲ್ಲ. ಪುಟದಲ್ಲಿ ಇರುವುದೂ ಸಾಲು, ಕಡ್ಡಿಯ ಮೇಲೆ ಇರುವುದೂ ಸಾಲು. ಕಥೆಯನ್ನೂ ಹೆಣೆಯುತ್ತೇವೆ. ಕಥೆಗೂ ಎಳೆ ಇರುತ್ತದೆ, ಅದು ತಪ್ಪಿದರೆ ಹಿಂದೆ ಹೋಗಿ ಹಿಡಿಯಬೇಕು. ಗ್ರಂಥ ಅನ್ನುವ ಮಾತು ಬಂದದ್ದೇ ಕಟ್ಟು, ಗಂಟು ಹಾಕು ಅನ್ನುವ ಸಂಸ್ಕೃತ ಧಾತುವಿನಿಂದ. ಗಂಟಿಗೆ ಗ್ರಂಥಿ ಅನ್ನುವುದೂ ಅದರಿಂದಲೇ. ತಾಳೆಗರಿಗೆ ತೂತು ಕೊರೆದು, ದಾರ ಪೋಣಿಸಿ ಕಟ್ಟಿಡುತ್ತಿದ್ದ ಕಾಲ ಆ ಪದದೊಳಗೆ ಕೂತಿದೆ. ಸೂತ್ರ ಅಂದರೂ ದಾರವೇ. ತಮಿಳಿನಲ್ಲಿ ಇನ್ನೂ ಚೆಂದ: ನೂಲ್ ಅಂದರೆ ದಾರವೂ ಹೌದು, ಪುಸ್ತಕವೂ ಹೌದು. ಗ್ರಂಥಾಲಯವನ್ನು ಅವರು ನೂಲಗಂ ಅನ್ನುತ್ತಾರೆ. ಇಂಗ್ಲಿಷಿನ ಟೆಕ್ಸ್ಟ್ ಕೂಡ ನೇಯುವುದು ಅನ್ನುವ ಲ್ಯಾಟಿನ್ ಮಾತಿನಿಂದ ಬಂದದ್ದು, ಟೆಕ್ಸ್‌ಟೈಲ್ ಅದರ ಒಡಹುಟ್ಟು.

ಇದನ್ನೆಲ್ಲ ಯಾರಿಗಾದರೂ ಹೇಳುವಾಗ ಬಹಳ ಖುಷಿಯಾಗುತ್ತಿತ್ತು. ಆದರೆ ಪದಗಳ ನೆಂಟಸ್ತಿಕೆಯಿಂದ ಮೂರನೇ ಕೈ ಹುಟ್ಟುವುದಿಲ್ಲ.

ಮೂರನೇ ಕೈಗಾಗಿ ನಾನು ಮಾಡಿದ ಪ್ರಯತ್ನಗಳನ್ನು ಹೇಳಲೇಬೇಕು. ಮೊದಲು ಪುಸ್ತಕವನ್ನು ತೊಡೆಯ ಮೇಲಿಟ್ಟು ಮೊಣಕೈಯಲ್ಲಿ ಒತ್ತಿ ಹಿಡಿದೆ. ಕುತ್ತಿಗೆ ಹೋಯಿತು. ಆಮೇಲೆ ದಿಂಬಿಗೆ ಒರಗಿಸಿ, ಬಟ್ಟೆ ಕ್ಲಿಪ್ಪು ಹಾಕಿದೆ. ಪ್ರತಿ ಪುಟಕ್ಕೂ ಕ್ಲಿಪ್ ತೆಗೆದು ಹಾಕುವಷ್ಟರಲ್ಲಿ ನೂಲು ಬೆರಳಿಂದ ಜಾರುತ್ತಿತ್ತು. ಅಡ್ಡಲಾಗಿ ಒಂದು ಸ್ಕೇಲ್ ಇಟ್ಟೆ. ಕೆಳಗಿನ ಮೂರು ಸಾಲು ಮುಚ್ಚಿಹೋಗುತ್ತಿದ್ದವು. ಹೊಸ ಪುಸ್ತಕ ಯಾವತ್ತೂ ಮಾತು ಕೇಳುವುದಿಲ್ಲ, ಬಿಟ್ಟ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಅಂಟು ಹಾಕಿ ಕಟ್ಟಿದ ತೆಳು ಬೆನ್ನಿನ ಪುಸ್ತಕಗಳಂತೂ ಹಟಮಾರಿಗಳು. ಹೊಲಿದು ಕಟ್ಟಿದ ದಪ್ಪ ಪುಸ್ತಕ ಒಂದೇ ಮಟ್ಟಸವಾಗಿ ಬಿಚ್ಚಿಕೊಳ್ಳುವುದು. ಅದೂ ಮಧ್ಯದ ಪುಟಗಳಲ್ಲಿ. ಮೊದಲ ಮೂವತ್ತು, ಕೊನೆಯ ಮೂವತ್ತು ಪುಟ ಓದುವಾಗ ಹೆಣಿಗೆಗೆ ರಜೆ ಕೊಡಬೇಕು. ಒಂದು ದಿನ ಪುಸ್ತಕ ಹಿಡಿದುಕೊಳ್ಳುವ ಮರದ ಸ್ಟ್ಯಾಂಡ್ ತಂದೆ. ಅದು ಈಗ ಉಲನ್ ಉಂಡೆಗಳನ್ನು ಹಿಡಿದುಕೊಂಡಿದೆ.

ಇ-ರೀಡರ್ ಬಂದ ಮೇಲೆ ಸ್ವಲ್ಪ ಸುಲಭವಾಯಿತು. ಅಕ್ಷರ ದೊಡ್ಡದು ಮಾಡಿ, ಎದುರಿಗೆ ನಿಲ್ಲಿಸಿ, ಪುಟ ತಿರುವಲು ಬೆರಳಿನ ಗೆಣ್ಣು ಸಾಕು. ಕೈ ಎರಡೂ ತುಂಬಿದ್ದಾಗ ಮೂಗಿನಿಂದಲೂ ತಿರುವಿದ್ದೇನೆ. ಒಮ್ಮೆ ಮೂಗು ಜಾಸ್ತಿ ಹೊತ್ತು ಒತ್ತಿ, ಒಂದು ಪದಕ್ಕೆ ಅರ್ಥ ಹುಡುಕಿಕೊಟ್ಟಿತು. ನನಗೆ ಗೊತ್ತಿಲ್ಲದ ಪದವೇ ಆಗಿತ್ತು, ಅದಕ್ಕೆ ಥ್ಯಾಂಕ್ಸ್ ಹೇಳಿದೆ.

ಆದರೆ ನಿಜವಾದ ತೊಡಕು ಪುಸ್ತಕದಲ್ಲಿ ಇರಲಿಲ್ಲ, ನನ್ನ ಬೆರಳಲ್ಲಿ ಇತ್ತು. ಕಣ್ಣು ಹೆಣಿಗೆಯ ಮೇಲಿಂದ ಏಳಬೇಕಾದರೆ ಬೆರಳಿಗೆ ಕಾಣಬೇಕು. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪದ ಹೆಂಗಸರು ಬೆನ್ನಿಗೆ ಇಂಧನದ ಪೀಟ್ ಮಣ್ಣಿನ ಬುಟ್ಟಿ ಹೊತ್ತು, ದಾರಿಯುದ್ದಕ್ಕೂ ಹೆಣೆಯುತ್ತ ನಡೆಯುವ ಹಳೇ ಫೋಟೋಗಳಿವೆ. ಅವರ ಸೊಂಟದಲ್ಲಿ ಒಂದು ಚರ್ಮದ ಬೆಲ್ಟು. ಅದರಲ್ಲಿ ಕುದುರೆ ಕೂದಲು ತುಂಬಿದ ಒಂದು ಮೆತ್ತೆ, ಮೆತ್ತೆಗೆ ಸಣ್ಣ ಸಣ್ಣ ತೂತು. ಕಡ್ಡಿಯ ತುದಿಯನ್ನು ಆ ತೂತಿಗೆ ಸಿಕ್ಕಿಸಿದರೆ ಅದು ಅಲ್ಲಾಡುವುದಿಲ್ಲ, ಒಂದು ಕೈ ಹಗುರ. ಫ್ರಾನ್ಸಿನ ಲಾಂಡ್ ಪ್ರದೇಶದ ಕುರುಬರು ಇನ್ನೂ ಒಂದು ಹೆಜ್ಜೆ ಮುಂದೆ. ಜೌಗು ನೆಲದಲ್ಲಿ ಮರಗಾಲಿನ ಮೇಲೆ ನಿಂತು ಕುರಿ ಕಾಯುತ್ತ ಹೆಣೆಯುತ್ತಿದ್ದರು. ಮರಗಾಲಿನ ಮೇಲೆ ನಿಂತವರಿಗೆ ಸಾಧ್ಯವಾದದ್ದು ಮೆತ್ತನೆ ಕುರ್ಚಿಯಲ್ಲಿ ಕೂತ ನನಗೆ ಆಗುವುದಿಲ್ಲವೇ?

ಆಯಿತು, ಆದರೆ ವರ್ಷಗಟ್ಟಲೆ ಹಿಡಿಯಿತು. ಸೀದಾ ಹೊಲಿಗೆ ಮುಂಭಾಗದಲ್ಲಿ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಾಣುತ್ತದೆ, ಮುಟ್ಟಿದರೆ ನುಣುಪು. ಉಲ್ಟಾ ಹೊಲಿಗೆ ಸಣ್ಣ ಉಬ್ಬು. ಹೆಬ್ಬೆರಳಿನ ತುದಿಗೆ ಉಬ್ಬೂ ನುಣುಪೂ ಬೇರೆ ಬೇರೆ ಅಂತ ಗೊತ್ತಾದ ದಿನ ಎರಡು ಸೀದಾ ಎರಡು ಉಲ್ಟಾ ಪಟ್ಟಿಯನ್ನು ಕಣ್ಣು ಮುಚ್ಚಿ ಹೆಣೆದೆ. ಸುತ್ತಾಗಿ ಹೆಣೆಯುವ ಸರ್ಕ್ಯುಲರ್ ಕಡ್ಡಿ ಸಿಕ್ಕ ಮೇಲಂತೂ ಸ್ವರ್ಗ. ಎರಡು ಕಡ್ಡಿಯಲ್ಲಿ ಹಿಂದೆ ಮುಂದೆ ತಿರುಗಿಸಿ ಹೆಣೆದರೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಬೇಕು. ಸುತ್ತು ಹೆಣಿಗೆಯಲ್ಲಿ ಯಾವಾಗಲೂ ಮುಂಭಾಗವೇ ನಮ್ಮ ಕಡೆ ಇರುವುದರಿಂದ ಬರೀ ಸೀದಾ. 200 ಕುಣಿಕೆಯ ಸುತ್ತು, 120 ಸುತ್ತು, ಅಂದರೆ 24,000 ಸಲ ಅದೇ ಚಲನೆ. ಹೆಣೆಯದವರಿಗೆ ಇದು ಶಿಕ್ಷೆ ಅನ್ನಿಸಬಹುದು. ನನಗೆ ಇದು ಒಂದು ದಪ್ಪ ಕಾದಂಬರಿ.

ಆದರೂ ಕಾಗದದ ಮೇಲೆ ಓದುತ್ತ ಹೆಣೆದದ್ದು ಕಡಿಮೆಯೇ. ಕಣ್ಣಿನ ಜಗಳ ನಿಜವಾಗಿ ಬಗೆಹರಿಸಿದ್ದು ಕಿವಿ. ಆಡಿಯೋ ಪುಸ್ತಕ ನಿಜವಾದ ಓದಲ್ಲ ಅನ್ನುವವರ ಜೊತೆ ವಾದ ಮಾಡಿ ಸಾಕಾಗಿದೆ. ಕಥೆ ಹೇಳುವುದನ್ನು ಕೇಳುವುದು ಕಣ್ಣಲ್ಲಿ ಓದುವುದಕ್ಕಿಂತ ಹಳೆಯದು. ಬ್ರಿಟನ್ನಿನಲ್ಲಿ 1935ರಲ್ಲಿ ದೃಷ್ಟಿ ಕಳೆದುಕೊಂಡವರಿಗಾಗಿ ಮಾತಾಡುವ ಪುಸ್ತಕಗಳು ಬಂದಾಗ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಸುಮಾರು 25 ನಿಮಿಷದ ಓದು ಹಿಡಿಯುತ್ತಿತ್ತು. ಅವರಿಗೆ ಅದು ಓದಲ್ಲ ಅಂತ ಯಾರು ಹೇಳುತ್ತಾರೆ?

ನನಗೆ ಬಹಳ ಇಷ್ಟವಾದದ್ದು ಕ್ಯೂಬಾದ ಸಿಗಾರ್ ಕಾರ್ಖಾನೆಗಳ ಸಂಗತಿ. 1865ರಲ್ಲಿ ಹವಾನಾದಲ್ಲಿ ಇದು ಶುರುವಾಯಿತು. ಕೆಲಸಗಾರರು ಬೆಂಚುಗಳಲ್ಲಿ ಕೂತು ದಿನವಿಡೀ ಎಲೆ ಸುತ್ತುತ್ತಾರೆ. ಎದುರಿಗೆ ಒಬ್ಬ ಎತ್ತರದಲ್ಲಿ ಕೂತು ಗಟ್ಟಿಯಾಗಿ ಓದುತ್ತಾನೆ, ಪತ್ರಿಕೆ, ಕಾದಂಬರಿ. ಆಗ ಅವನ ಸಂಬಳ ಮಾಲೀಕ ಕೊಡುತ್ತಿದ್ದದ್ದಲ್ಲ, ಕೆಲಸಗಾರರೇ ತಮ್ಮ ಕೂಲಿಯಿಂದ ತೆಗೆದು ಕೊಡುತ್ತಿದ್ದರು. ಮುಂದೆ ಯಾವ ಪುಸ್ತಕ ಅನ್ನುವುದನ್ನೂ ಅವರೇ ಮತ ಹಾಕಿ ತೀರ್ಮಾನಿಸುತ್ತಿದ್ದರು. ಮರುವರ್ಷವೇ ವಸಾಹತು ಸರ್ಕಾರ ಹೆದರಿ ಅದನ್ನು ನಿಷೇಧಿಸಿತು. ಆದರೂ ಪದ್ಧತಿ ಸಾಯಲಿಲ್ಲ. ಮಾಂಟೆಕ್ರಿಸ್ಟೋ ಅನ್ನುವ ಸಿಗಾರಿನ ಹೆಸರು ಅಲ್ಲಿ ಕೇಳುತ್ತಿದ್ದ ಒಂದು ಫ್ರೆಂಚ್ ಕಾದಂಬರಿಯಿಂದಲೇ ಬಂದದ್ದು. ಕೈ ಎಲೆ ಸುತ್ತುತ್ತಿದೆ, ಕಿವಿ ಇನ್ನೊಂದು ಖಂಡದ ಜೈಲಿನಿಂದ ಯಾರೋ ತಪ್ಪಿಸಿಕೊಳ್ಳುವುದನ್ನು ಕೇಳುತ್ತಿದೆ. ಸಿಗಾರಿನ ವಾಸನೆ ನನಗೆ ಆಗುವುದಿಲ್ಲ. ಆದರೂ ಆ ಬೆಂಚಿನಲ್ಲಿ ನನಗೂ ಒಂದು ಜಾಗ ಇರಬೇಕಿತ್ತು ಅನ್ನಿಸುತ್ತದೆ.

ಕಣ್ಣಿಗಿಂತ ಕಿವಿ ನಿಧಾನ. ಅದು ಹೆಣಿಗೆಗೆ ಒಗ್ಗುತ್ತದೆ. ಕಣ್ಣಲ್ಲಿ ಓದುವಾಗ ನಾನು ವರ್ಣನೆಗಳನ್ನು ಹಾರಿಸುತ್ತೇನೆ, ಒಪ್ಪಿಕೊಳ್ಳುತ್ತೇನೆ. ಕಿವಿಯಲ್ಲಿ ಹಾರಿಸಲು ಆಗುವುದಿಲ್ಲ, ಕೈ ಬಿಡುವಿಲ್ಲವಲ್ಲ. ಹಾಗಾಗಿ ಎಷ್ಟೋ ಮಳೆಗಾಲಗಳು, ಎಷ್ಟೋ ಬೆಟ್ಟಗಳು ಹೆಣೆಯಲು ಕೂತ ಮೇಲೆಯೇ ನನಗೆ ಸಿಕ್ಕವು.

ಹೊಂದಾಣಿಕೆಯನ್ನು ಮಾತ್ರ ತಪ್ಪು ಮಾಡಿ ಮಾಡಿ ಕಲಿತೆ. ತೂತು ತೂತಿನ ವಿನ್ಯಾಸದ ಲೇಸ್ ಹೆಣಿಗೆಗೆ ಯಾವ ಪುಸ್ತಕವೂ ಆಗುವುದಿಲ್ಲ. ನೂಲು ಮುಂದೆ ತಂದು ಒಂದು ಕುಣಿಕೆ ಹೆಚ್ಚಿಸು, ಎರಡನ್ನು ಸೇರಿಸಿ ಒಂದು ಮಾಡು, ಮೂರು ಸೀದಾ, ಮತ್ತೆ ಹೆಚ್ಚಿಸು. ತಲೆಯಲ್ಲಿ ಎಣಿಕೆ ನಡೆಯುತ್ತಿರುವಾಗ ಕಥೆಯೊಳಗೆ ಯಾರಾದರೂ "ಏಳು ಗಂಟೆಗೆ ಬಾ" ಅಂದರೆ ಮುಗಿಯಿತು, ನನ್ನ ಐದು ಏಳಾಗುತ್ತದೆ. ಜಡೆಯ ಹಾಗೆ ಕಾಣುವ ಕೇಬಲ್ ಹೆಣಿಗೆಗೆ ಮೊದಲೇ ಓದಿದ ಪುಸ್ತಕ ಆಗಬಹುದು. ಬರೀ ಸೀದಾ ಸುತ್ತುಗಳಿಗೆ ಏನಾದರೂ ಸರಿ, ಎಷ್ಟು ಕಷ್ಟದ ಪುಸ್ತಕವಾದರೂ. ಕಷ್ಟದ ಪುಸ್ತಕಕ್ಕೆ ಸುಲಭದ ಹೆಣಿಗೆ ಅನ್ನುವುದು ಎಲ್ಲರಿಗೂ ಹೊಳೆಯುತ್ತದೆ. ನನಗೆ ತಡವಾಗಿ ಹೊಳೆದದ್ದು, ಬಹಳ ರೋಚಕ ಪುಸ್ತಕವೂ ಒಂದು ಕಷ್ಟವೇ ಅಂತ. ಬೂದು ಸ್ವೆಟರಿನ ಎಡತೋಳು ಅದಕ್ಕೆ ಸಾಕ್ಷಿ. ಈಗ ಕೊಲೆಯ ಕಥೆಗೆ ಮಫ್ಲರ್ ಹೆಣೆಯುತ್ತೇನೆ. ಮಫ್ಲರ್ ಎಷ್ಟು ಬಿಗಿಯಾದರೂ ಯಾರಿಗೂ ತೊಂದರೆ ಇಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತು ಅನ್ನಬೇಕಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ. ವರ್ಷಕ್ಕೆ ಇಷ್ಟು ಪುಸ್ತಕ, ಇಷ್ಟು ಸ್ವೆಟರ್ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಒಂದು ದಿನ ಹಿಂದಿನ ಎರಡು ವರ್ಷದ ಪುಟ ತಿರುವಿ ನೋಡಿದಾಗ ಒಂದು ಕವನ ಸಂಕಲನವೂ ಇರಲಿಲ್ಲ. ಒಂದೂ ಇಲ್ಲ. ನಾನು ಕವಿತೆ ಓದುತ್ತಿದ್ದವಳು. ಬೇಕು ಅಂತ ಬಿಟ್ಟದ್ದಲ್ಲ. ಕವಿತೆಗೆ ಹೆಣೆಯಲು ಆಗುವುದಿಲ್ಲ, ಅಷ್ಟೇ. ಒಂದು ಸಾಲು ಓದಿ ನಿಲ್ಲಬೇಕು, ಮತ್ತೆ ಅದೇ ಸಾಲಿಗೆ ಹೋಗಬೇಕು, ಆಮೇಲೆ ಕಿಟಕಿಯ ಹೊರಗೆ ನೋಡಬೇಕು. ಆಡಿಯೋದಲ್ಲಿ ಹಿಂದಕ್ಕೆ ಒತ್ತುವಷ್ಟರಲ್ಲಿ ಕವಿತೆ ಹಾರಿಹೋಗಿರುತ್ತದೆ. ಅಡಿಟಿಪ್ಪಣಿ ಇರುವ ಪುಸ್ತಕಗಳೂ ಇರಲಿಲ್ಲ. ಚಿತ್ರ, ನಕ್ಷೆ ಇರುವವೂ ಇಲ್ಲ. ಪೆನ್ಸಿಲ್ ಹಿಡಿದು ಅಡಿಗೆರೆ ಹಾಕಬೇಕು ಅನ್ನಿಸುವವು ಒಂದೂ ಇಲ್ಲ. ಎಲ್ಲವೂ ದಪ್ಪ, ಉದ್ದ, ಒಂದೇ ಸಮ ಹರಿಯುವ ಕಥೆಗಳು. ಏನು ಓದಬೇಕು ಅಂತ ನನ್ನ ಪರವಾಗಿ ಉಲನ್ ಉಂಡೆ ತೀರ್ಮಾನ ಮಾಡುತ್ತಿತ್ತು.

ಹೆಣಿಗೆಯ ಕಡೆಯೂ ಅದೇ ಕಥೆ. ಎರಡು ವರ್ಷದಿಂದ ಒಂದು ಲೇಸ್ ಇಲ್ಲ, ಒಂದು ಹೊಸ ವಿನ್ಯಾಸ ಇಲ್ಲ. ಎಲ್ಲ ಸೀದಾ, ಸುತ್ತು, ಸೀದಾ. ಕಿವಿಗೆ ಬಿಡುವು ಕೊಡದ ಹೆಣಿಗೆಯನ್ನು ನಾನು ಮುಟ್ಟಿರಲಿಲ್ಲ. ಇಬ್ಬರು ನೆಂಟರನ್ನು ಒಂದೇ ಕೋಣೆಯಲ್ಲಿ ಇರಿಸಲು ಹೋಗಿ ಇಬ್ಬರಿಗೂ ಮಾತು ಕಡಿಮೆ ಮಾಡಿ ಅಂದ ಹಾಗಾಗಿತ್ತು.

ಯಾಕೆ ಹೀಗಾಯಿತು ಅಂತ ಯೋಚಿಸಿದಾಗ ಆ ಹಳೇ ಲೆಕ್ಕ ಸಿಕ್ಕಿತು. ಕೈ ಸುಮ್ನೆ ಇದ್ದರೆ ನನಗೆ ಇವತ್ತಿಗೂ ಹೆದರಿಕೆ. ಈಗ ಬಟ್ಟೆ ಮಡಚಿಡು ಅನ್ನುವವರು ಯಾರೂ ಇಲ್ಲ. ನಾನೇ ಅಂದುಕೊಳ್ಳುತ್ತೇನೆ. ಬರೀ ಪುಸ್ತಕ ಹಿಡಿದು ಕೂತರೆ ಹತ್ತು ನಿಮಿಷಕ್ಕೆ ಕೈ ಕಡ್ಡಿ ಹುಡುಕುತ್ತದೆ. ಬರೀ ಹೆಣೆಯುತ್ತ ಕೂತರೆ ತಲೆ ಸುಮ್ನೆ ಇದೆಯಲ್ಲ, ಏನಾದರೂ ಹಾಕು ಅನ್ನುತ್ತದೆ. ಒಂದೇ ಗಂಟೆಯಲ್ಲಿ ಎರಡು ಗಂಟೆಯ ಬೆಳೆ ತೆಗೆಯುವ ಆಸೆ. ಇದಕ್ಕೆ ಹೊಂದಾಣಿಕೆ ಅಂತ ಹೆಸರಿಟ್ಟುಕೊಂಡಿದ್ದೆ. ನೋಡಿದರೆ ಅದು ಜಿಪುಣತನ.

ದೊಡ್ಡ ಬದಲಾವಣೆ ಏನೂ ಮಾಡಲಿಲ್ಲ. ಆಡಿಯೋ ಪುಸ್ತಕ ಬಿಟ್ಟಿಲ್ಲ, ಬಿಡುವುದೂ ಇಲ್ಲ. ನೋಟ್‌ಬುಕ್ಕಿನಲ್ಲಿ ಬರೆಯುವುದನ್ನು ನಿಲ್ಲಿಸಿದೆ. ಒಂದು ತೆಳು ಕವನ ಸಂಕಲನವನ್ನು ಹೆಣಿಗೆ ಚೀಲದಿಂದ ದೂರ, ಇನ್ನೊಂದು ಕೋಣೆಯಲ್ಲಿ ಇಟ್ಟೆ. ಅಲ್ಲಿ ಕಡ್ಡಿ ಕೈಗೆ ಸಿಗುವುದಿಲ್ಲ. ಮೊದಲ ವಾರ ಒಂದು ಪುಟ ಓದುವಷ್ಟರಲ್ಲಿ ಚಡಪಡಿಕೆ. ಬೆರಳು ತಾನಾಗಿ ಪುಟದ ಮೂಲೆ ಮಡಚುತ್ತಿತ್ತು. ಎರಡನೇ ವಾರವೂ ಚಡಪಡಿಕೆಯೇ. ಯಾವಾಗ ಹೋಯಿತೋ ಗೊತ್ತಿಲ್ಲ. ಒಂದು ದಿನ ಎದ್ದು ನೋಡಿದರೆ ಹೊರಗೆ ಕತ್ತಲಾಗಿತ್ತು, ನಾನು ಓದಿದ್ದು ಒಂದೂವರೆ ಕವಿತೆ.

ಹಾಗೆಯೇ ಒಂದು ಲೇಸ್ ಶಾಲು ಶುರು ಮಾಡಿದೆ. ಕಿವಿಯಲ್ಲಿ ಏನೂ ಇಲ್ಲದೆ. ಹತ್ತು ಸಾಲಿಗೊಮ್ಮೆ ಬೇರೆ ಬಣ್ಣದ ತೆಳು ದಾರವನ್ನು ಎಲ್ಲ ಕುಣಿಕೆಗಳ ಮೂಲಕ ಪೋಣಿಸಿ ಬಿಡುತ್ತೇನೆ. ಮುಂದೆ ತಪ್ಪಾದರೆ ಅಲ್ಲಿಯವರೆಗೆ ಧೈರ್ಯವಾಗಿ ಬಿಚ್ಚಬಹುದು. ಅದರಾಚೆ ಬಿಚ್ಚಿಹೋಗುವುದಿಲ್ಲ. ಪುಸ್ತಕದಲ್ಲಿ ಇಡುವ ಗುರುತಿನ ಪಟ್ಟಿಯ ಹಾಗೇ, ಅಲ್ವಾ? ನನ್ನ ಪುಸ್ತಕಗಳಲ್ಲಿ ಗುರುತಿಗೆ ಇರುವುದೂ ಉಲನ್ ತುಂಡುಗಳೇ. ಹೀಗಾಗಿ ಯಾವ ಪುಸ್ತಕ ಯಾವ ಸ್ವೆಟರಿನ ಕಾಲದ್ದು ಅಂತ ಬಣ್ಣ ನೋಡಿ ಹೇಳಬಲ್ಲೆ.

ಓದಿಗೂ ಹೆಣಿಗೆಗೂ ಒಂದು ವಿಷಯದಲ್ಲಿ ಮಾತ್ರ ಬಹಳ ದೂರ. ಹೆಣಿಗೆಯಲ್ಲಿ ಗಮನ ತಪ್ಪಿದರೆ ಕಾಣುತ್ತದೆ. ಬಿಟ್ಟುಹೋದ ಒಂದು ಕುಣಿಕೆ ಏಣಿಯ ಹಾಗೆ ಕೆಳಗಿನವರೆಗೆ ಕಳಚಿಕೊಂಡು ಹೋಗುತ್ತದೆ. ತುದಿಗೆ ಕೊಕ್ಕೆ ಇರುವ ಕ್ರೋಶಾ ಕಡ್ಡಿ ಹಾಕಿ ಒಂದೊಂದೇ ಮೆಟ್ಟಿಲು ಮೇಲಕ್ಕೆ ತರಬೇಕು. ಓದಿನಲ್ಲಿ ಗಮನ ತಪ್ಪಿದರೆ ಯಾರಿಗೆ ಗೊತ್ತು? ಮೂರು ಪುಟ ಕಣ್ಣಾಡಿಸಿ, ಏನೂ ಒಳಗೆ ಹೋಗದೆ ಮುಂದೆ ಹೋದದ್ದಕ್ಕೆ ಎಲ್ಲೂ ತೂತು ಬೀಳುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡಿದಾಗ ಮಾತ್ರ ಓದಿನದೂ ಗುರುತು ಉಳಿಯುತ್ತದೆ. ಆ ಕಾರಣಕ್ಕೇ ಹಳೇ ಸ್ವೆಟರುಗಳ ತಪ್ಪುಗಳನ್ನು ನಾನು ಸರಿಮಾಡಲು ಹೋಗಿಲ್ಲ.

ಮೊನ್ನೆ ಅಕ್ಕನ ಮಗಳು ಬಂದಿದ್ದಳು. ಏಳು ವರ್ಷದವಳು. ಬಾಗಿಲ ಹಿಂದೆ ನೇತುಹಾಕಿದ್ದ ನನ್ನ ನೀಲಿ ಶಾಲು ಎಳೆದು ಹೊದ್ದುಕೊಂಡು, ಅದರ ಅಂಚಿನ ಹತ್ತಿರ ಇದ್ದ ತೂತಿನಲ್ಲಿ ಬೆರಳು ತೂರಿಸಿದಳು.

"ಚಿಕ್ಕಿ, ಇಲಿ ಕಚ್ಚಿದ್ದಾ?"

"ಇಲ್ಲ ಪುಟ್ಟಾ. ಅದು ಹನ್ನೊಂದನೇ ಅಧ್ಯಾಯ."

ಅವಳಿಗೆ ಅರ್ಥವಾಗಲಿಲ್ಲ. ಹೇಳಿದೆ. ಇದನ್ನು ಹೆಣೆಯುವಾಗ ಒಂದು ಕಥೆ ಕೇಳುತ್ತಿದ್ದೆ. ಆ ಕಥೆಯಲ್ಲಿ ಒಬ್ಬ ಹುಡುಗ ಇದ್ದ, ಅವನ ನಾಯಿ ನದಿಗೆ ಬಿತ್ತು, ಆಗ ನನ್ನ ಕೈ ನಿಂತುಹೋಯಿತು, ಒಂದು ಕುಣಿಕೆ ಬಿಟ್ಟುಹೋಯಿತು, ನನಗೆ ಗೊತ್ತೇ ಆಗಲಿಲ್ಲ ಅಂತ.

ತೂತಿನಿಂದ ಬೆರಳು ತೆಗೆಯದೆಯೇ ಕೇಳಿದಳು, "ಆಮೇಲೆ ನಾಯಿ ಏನಾಯ್ತು?"

ನನ್ನ ಮಡಿಲಲ್ಲಿ ಅರ್ಧ ಸಾಲಿನಲ್ಲಿ ನಿಂತ ಲೇಸ್ ಇತ್ತು, ಎಣಿಕೆ ತಲೆಯಲ್ಲಿತ್ತು. ಹದಿನಾಲ್ಕೋ ಹದಿನಾರೋ. ಕಡ್ಡಿ ಪಕ್ಕಕ್ಕಿಟ್ಟು, ಮೊದಲಿನಿಂದ ಹೇಳಲು ಶುರು ಮಾಡಿದೆ.